ಮೂರನೆಯ ಕಿವಿ

ಅಂಚೆಯ ಕಾರ್ಡಿಗೂ ಲಕೋಟೆಗೂ ಇರುವ ವ್ಯತ್ಯಾಸವನ್ನು ಅಕ್ಷರ ಬಾರದವರೂ ಬಲ್ಲವರಾಗಿದ್ದರು. ಮಗಳಿಗೆ ಹೆರಿಗೆಯಾದ ಸುದ್ದಿ, ಎತ್ತು ಕೊಂಡ ಸುದ್ದಿ, ಜಾತ್ರೆಯ ಕರೆ ಇವೆಲ್ಲ ಕಾರ್ಡಿನಲ್ಲಿ ಬರುತ್ತಿದ್ದವು. ಅಂಚೆಯವನು ಅದನ್ನು ದಾರಿಯಲ್ಲೇ ಓದಿಕೊಂಡು ಬಂದರೂ ಯಾರಿಗೂ ಬೇಸರವಿರಲಿಲ್ಲ. ಎಷ್ಟೋ ಮನೆಗಳಲ್ಲಿ ಅವನೇ ಕಟ್ಟೆಯ ಮೇಲೆ ಕುಳಿತು ಓದಿ ಹೇಳಬೇಕಾಗಿತ್ತು. ಆದರೆ ಸಾಲದ ಮಾತು, ಪಾಲಿನ ಮಾತು, ಕೂಡಿಬರದ ಸಂಬಂಧದ ಮಾತು ಬಂದಾಗ ಹೆಚ್ಚಿನ ಕಾಸು ತೆತ್ತು ಲಕೋಟೆಯನ್ನೇ ತರುತ್ತಿದ್ದರು. ಅದರ ಅಂಟು ಬಿಡಿಸುವ ಹಕ್ಕು ವಿಳಾಸದಲ್ಲಿ ಹೆಸರಿದ್ದವರಿಗೆ ಮಾತ್ರ. ಈ ತಿಳಿವಳಿಕೆ ಕಾನೂನಿನ ಗ್ರಂಥದಿಂದ ಬಂದುದಲ್ಲ, ಮನೆತನದ ಮರ್ಯಾದೆಯಿಂದ ಬಂದುದು.

ದೂರವಾಣಿ ಬಂದ ಮೇಲೆ ಒಂದು ಪ್ರಶ್ನೆ ಎದ್ದಿತು. ತಂತಿಯ ಮೇಲೆ ಹೋಗುವ ಮಾತು ಕಾರ್ಡೋ, ಲಕೋಟೆಯೋ?

ಟ್ರಂಕ್ ಕಾಲಿನ ಕಾಲದಲ್ಲಿ ಅದು ಕಾರ್ಡೇ ಆಗಿತ್ತೆನ್ನಬೇಕು. ಚಿಕ್ಕೋಡಿ, ಅಥಣಿ, ರಾಯಬಾಗಗಳ ಸೀಮೆ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ರಾಜ್ಯ ಬದಲಾದರೂ ವ್ಯವಹಾರದ ದಾರಿ ಬದಲಾಗಲಿಲ್ಲ. ನಿಪ್ಪಾಣಿಯ ತಂಬಾಕಿನ ವ್ಯಾಪಾರಿಗೆ ಕೊಲ್ಹಾಪುರ ಬೇಕು. ಕಾಗವಾಡದವರಿಗೆ ಮಿರಜವೆಂದರೆ ಪಕ್ಕದ ಮನೆ. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ಮೂರು ದರ್ಜೆಯ ಕರೆಗಳಿದ್ದವು. ಕರೆ ಬರೆಸಿ, ಗಂಟೆಗಟ್ಟಲೆ ಕಾದು, ಕೊನೆಗೆ ಸಿಕ್ಕ ಮೂರು ನಿಮಿಷಗಳಲ್ಲಿ ಕೂಗಾಡಿ ಮುಗಿಸಬೇಕು. ಎಕ್ಸ್‌ಚೇಂಜಿನ ಆಪರೇಟರು ನಡುವೆ ಕುಳಿತಿರುವುದು ಎಲ್ಲರಿಗೂ ಗೊತ್ತು. ತಂಬಾಕಿನ ದರ ಹೇಳುವಾಗ ಚತುರನಾದ ವ್ಯಾಪಾರಿ ತನ್ನವರಿಗಷ್ಟೇ ತಿಳಿಯುವ ಸಂಕೇತದಲ್ಲಿ ಹೇಳಿ ಬಿಡುತ್ತಿದ್ದ. ಮಾತು ಕನ್ನಡದಲ್ಲಿ ತೊಡಗಿ ಮರಾಠಿಯಲ್ಲಿ ಮುಗಿಯುವುದು ಈ ಸೀಮೆಯ ರೂಢಿಯಾದುದರಿಂದ, ಕೇಳುವವನಿಗೂ ಎರಡು ಭಾಷೆ ಬರಬೇಕಾಗಿತ್ತು!

ಆ ಕೇಳುವಿಕೆಯಲ್ಲಿ ಭಯವಿರಲಿಲ್ಲ. ಆಪರೇಟರಿಗೊಂದು ಮುಖವಿತ್ತು, ಊರಿನಲ್ಲಿ ಮನೆಯಿತ್ತು. ಸಂತೆಯಲ್ಲಿ ಎದುರಾಗುವವನು ಅವನು. ಕೇಳಿದ್ದನ್ನು ಆಡಿಕೊಂಡರೆ ನಾಲ್ಕು ಜನರ ಮುಂದೆ ನಾಚಬೇಕಾದವನು. ಈಗ ಎಕ್ಸ್‌ಚೇಂಜಿನ ಆ ಹಲಗೆ ಹೋಗಿದೆ, ಫೋನು ಅಂಗಿಯ ಜೇಬು ಸೇರಿದೆ. ಈ ಭಾಗದ ಜನ ಫೋನು ಮಾಡುವುದಿಲ್ಲ, ಫೋನು ಹಚ್ಚುತ್ತಾರೆ. ಕಬ್ಬು ಕಡಿಯುವ ಗ್ಯಾಂಗಿನ ಮುಕಾದಮನಿಗೆ ರಾಯಬಾಗದ ರೈತ ಹೊಲದ ಬದುವಿನಿಂದಲೇ ಹಚ್ಚುತ್ತಾನೆ. ಪುಣೆಯಲ್ಲಿರುವ ಮಗಳಿಗೆ ಅಥಣಿಯ ತಾಯಿ ಒಲೆಯ ಮುಂದಿನಿಂದ ಹಚ್ಚುತ್ತಾಳೆ. ನಡುವೆ ಯಾರೂ ಇಲ್ಲವೆಂಬ ನಂಬಿಕೆಯಿಂದ ಮನಸ್ಸು ಬಿಚ್ಚಿ ಮಾತನಾಡುತ್ತಾರೆ. ಮಾತು ಲಕೋಟೆಯಾಗಿರುವುದು ಈಗ. ಒಡೆದರೆ ಗೊತ್ತೇ ಆಗದ ಲಕೋಟೆಯೂ ಇದೇ. ಎರಡು ಕಿವಿಗಳ ನಡುವೆ ಮೂರನೆಯದೊಂದು ಕಿವಿ ಇದ್ದರೆ ಅದಕ್ಕೆ ಮುಖವಿಲ್ಲ, ಹೆಸರಿಲ್ಲ, ಸಂತೆಯಲ್ಲಿ ಅದು ಎದುರಾಗುವುದಿಲ್ಲ.

ಸರಕಾರಕ್ಕೆ ಆ ಮೂರನೆಯ ಕಿವಿ ಬೇಡವೇ ಬೇಡವೆಂದು ವಿವೇಕಿಗಳಾರೂ ಹೇಳಲಾರರು. ಮಗುವನ್ನು ಅಪಹರಿಸಿದವನು ಹಣಕ್ಕಾಗಿ ಫೋನು ಮಾಡಿದಾಗ ಆ ತಂತಿಯ ಜಾಡು ಹಿಡಿಯದೆ ಪೊಲೀಸರು ಕೈಕಟ್ಟಿ ಕುಳಿತರೆ ಅವರನ್ನು ಯಾರು ಮೆಚ್ಚುತ್ತಾರೆ? ಆದುದರಿಂದಲೇ 1885ರ ಟೆಲಿಗ್ರಾಫ್ ಕಾನೂನಿನ 5ನೆಯ ಕಲಮು, ಸಾರ್ವಜನಿಕ ತುರ್ತು ಇಲ್ಲವೆ ಸಾರ್ವಜನಿಕ ಸುರಕ್ಷತೆಯ ಸಂದರ್ಭದಲ್ಲಿ ಸಂದೇಶವನ್ನು ತಡೆಯುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿತ್ತು. ಬ್ರಿಟಿಷರು ಮಾಡಿದ ಆ ಕಾನೂನು ಸ್ವಾತಂತ್ರ್ಯದ ನಂತರವೂ ಬಾಳಿತು. 1986ರಲ್ಲಿ ಅಂಚೆಯ ಪತ್ರಗಳನ್ನು ತಡೆಯುವ ಅಧಿಕಾರವನ್ನು ಹಿಗ್ಗಿಸುವ ಮಸೂದೆಯೊಂದನ್ನು ಸಂಸತ್ತು ಅಂಗೀಕರಿಸಿದಾಗ ರಾಷ್ಟ್ರಪತಿ ಜೈಲ್ ಸಿಂಗ್ ಅಂಕಿತ ಹಾಕದೆ ಇಟ್ಟುಕೊಂಡರು. ಕಾಗದದ ಲಕೋಟೆಗೆ ಅಂಥದೊಂದು ರಕ್ಷಣೆ ದೊರೆಯಿತು. ಮಾತಿನ ಲಕೋಟೆಗೆ ಆ ಭಾಗ್ಯ ಬರಲಿಲ್ಲ.

ಎರಡು ವರ್ಷ ಕಳೆಯುವುದರೊಳಗೆ ಕರ್ನಾಟಕವೇ ಇದರ ಬಿಸಿಯುಂಡಿತು. ರಾಮಕೃಷ್ಣ ಹೆಗಡೆಯವರು ಅಂದು ಮುಖ್ಯಮಂತ್ರಿ. ಆಳುವವರ ಮೇಲೆ ಕಣ್ಣಿಡಲು 1984ರಲ್ಲಿ ಲೋಕಾಯುಕ್ತ ಕಾನೂನನ್ನು ತಂದ ಸರಕಾರ ಅವರದು. 1988ರಲ್ಲಿ ಎಚ್. ಡಿ. ದೇವೇಗೌಡ ಮತ್ತು ಅಜಿತ್ ಸಿಂಗ್ ನಡುವಿನ ದೂರವಾಣಿ ಸಂಭಾಷಣೆಯ ಪ್ರತಿ ಪತ್ರಿಕೆಗಳಲ್ಲಿ ಅಚ್ಚಾಯಿತು. ಸಂಸತ್ತಿನಲ್ಲಿ ಕೋಲಾಹಲವೆದ್ದಿತು. ರಾಜ್ಯದಲ್ಲಿ ಸುಮಾರು 50 ದೂರವಾಣಿಗಳ ಮಾತನ್ನು ಕದ್ದಾಲಿಸಲಾಗಿದೆ, ವಿರೋಧಿಗಳದಷ್ಟೇ ಅಲ್ಲ, ಸ್ವಪಕ್ಷದ ಭಿನ್ನಮತೀಯರ ಫೋನುಗಳೂ ಅದರಲ್ಲಿವೆ ಎಂಬ ವಿವರ ಹೊರಬಂದಿತು. ಆಗಸ್ಟ್ 10ರಂದು ಹೆಗಡೆಯವರು ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. 13ರಂದು ಎಸ್. ಆರ್. ಬೊಮ್ಮಾಯಿ ಮುಖ್ಯಮಂತ್ರಿಯಾದರು.

ದೂರವಾಣಿಯ ಕದ್ದಾಲಿಕೆಗಾಗಿ ಮುಖ್ಯಮಂತ್ರಿಯೊಬ್ಬರು ಕುರ್ಚಿ ಬಿಟ್ಟದ್ದು ಸಣ್ಣ ಸಂಗತಿಯಲ್ಲ. ಕೇಂದ್ರ ಮತ್ತು ರಾಜ್ಯಗಳ ಹಗೆತನ ಅದರ ಹಿಂದೆ ಇದ್ದಿರಬಹುದು. ಪಕ್ಷದೊಳಗಿನ ಜಗಳವಂತೂ ಇದ್ದೇ ಇತ್ತು. ಆದರೂ ಚುನಾಯಿತ ಸದನದಲ್ಲಿ ಪ್ರಶ್ನೆ ಎದ್ದಿತು, ಪಟ್ಟಿ ಬೆಳಕಿಗೆ ಬಂದಿತು, ಒಬ್ಬ ದೊಡ್ಡ ಮನುಷ್ಯ ಉತ್ತರ ಕೊಡಬೇಕಾಯಿತು. ಆ ಮೂರನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನದನ್ನು ನೋಡಬೇಕು.

ದೆಹಲಿಯ ಮನೆಯೂ ಶುಚಿಯಾಗಿರಲಿಲ್ಲ. ರಾಜಕಾರಣಿಗಳ ಫೋನುಗಳ ಬಗೆಗೆ ಸಿಬಿಐ ನಡೆಸಿದ ತನಿಖೆಯ ವಿವರ 1991ರಲ್ಲಿ ಪ್ರಕಟವಾದಾಗ, ಕಡತಗಳನ್ನು ಸರಿಯಾಗಿ ಇಟ್ಟಿರದ, ಕೆಲವು ಫೋನುಗಳಿಗೆ ಅಪ್ಪಣೆಯ ಕಾಗದವೇ ಸಿಗದ ಕಥೆ ಬಯಲಾಯಿತು. ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಎಂಬ ನಾಗರಿಕ ಸಂಸ್ಥೆ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. 1996ರ ಡಿಸೆಂಬರ್ 18ರಂದು ನ್ಯಾಯಮೂರ್ತಿ ಕುಲದೀಪ್ ಸಿಂಗ್ ಮತ್ತು ಸಗೀರ್ ಅಹ್ಮದ್ ಅವರ ಪೀಠ ತೀರ್ಪು ಕೊಟ್ಟಿತು. ಮನೆಯಲ್ಲೋ ಕಚೇರಿಯಲ್ಲೋ ಕುಳಿತು ಫೋನಿನಲ್ಲಿ ಆಡುವ ಮಾತು ವ್ಯಕ್ತಿಯ ಖಾಸಗಿ ಬದುಕಿನ ಅಂಗವೆಂದು ಅದು ಎತ್ತಿಹಿಡಿಯಿತು. ಅಪ್ಪಣೆ ಗೃಹ ಕಾರ್ಯದರ್ಶಿಯಿಂದಲೇ ಬರಬೇಕು, ಅದು ಎರಡು ತಿಂಗಳು ಮಾತ್ರ ನಡೆಯಬೇಕು, ಮುಂದುವರಿಸಿದರೂ ಒಟ್ಟು ಆರು ತಿಂಗಳು ಮೀರಬಾರದು, ಪರಿಶೀಲನಾ ಸಮಿತಿಯೊಂದು ಅದನ್ನು ನೋಡಬೇಕು ಎಂದು ವಿಧಿಸಿತು.

ಮುಂದೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಆ ಮೊಕದ್ದಮೆಗೆ ಹೆಸರು ಬಂದುದು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರಿಂದ. ವಿಶ್ರಾಂತಿಯ ವಯಸ್ಸಿನಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ನಿಂತ ಆ ಹಿರಿಯರು 2024ರಲ್ಲಿ ತೀರಿಕೊಂಡರು.

ಇಷ್ಟೆಲ್ಲ ಕಟ್ಟುಪಾಡುಗಳಾದ ಮೇಲೂ ಹಳೆಯ ಮಾತು ಮತ್ತೆ ಎದ್ದಿತು, ಈ ಸಲ ಅಥಣಿ ಮತ್ತು ಕಾಗವಾಡಗಳ ಬಾಗಿಲಿನಲ್ಲಿಯೇ. 2019ರ ಜುಲೈಯಲ್ಲಿ ಎಚ್. ಡಿ. ಕುಮಾರಸ್ವಾಮಿಯವರ ಮೈತ್ರಿ ಸರಕಾರದ ವಿರುದ್ಧ ತಿರುಗಿದ ಶಾಸಕರಲ್ಲಿ ಅಥಣಿಯ ಮಹೇಶ ಕುಮಠಳ್ಳಿ ಮತ್ತು ಕಾಗವಾಡದ ಶ್ರೀಮಂತ ಪಾಟೀಲರೂ ಇದ್ದರು. 23ರಂದು 99ಕ್ಕೆ 105 ಮತಗಳಿಂದ ಸರಕಾರ ಬಿದ್ದಿತು. ಇಬ್ಬರೂ ಸಭಾಧ್ಯಕ್ಷರಿಂದ ಅನರ್ಹಗೊಂಡರು. ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಬೇರೆ ಪಕ್ಷದಿಂದ ನಿಂತು ಗೆದ್ದರು. ಈ ನಡುವೆ ಆಗಸ್ಟಿನಲ್ಲಿ ಪೊಲೀಸ್ ಇಲಾಖೆಯ ಉನ್ನತ ಅಧಿಕಾರಿಯೊಬ್ಬರದೆನ್ನಲಾದ ಸಂಭಾಷಣೆ ಹೊರಬಿದ್ದು, ಹಿಂದಿನ ಸರಕಾರದ ಕಾಲದಲ್ಲಿ ರಾಜಕಾರಣಿಗಳ, ಅಧಿಕಾರಿಗಳ ಫೋನುಗಳನ್ನು ಕದ್ದಾಲಿಸಲಾಯಿತೆಂಬ ಆರೋಪ ಬಂದಿತು. ಕುಮಾರಸ್ವಾಮಿಯವರು ಅದನ್ನು ಅಲ್ಲಗಳೆದರು. ಹೊಸ ಮುಖ್ಯಮಂತ್ರಿ ಯಡಿಯೂರಪ್ಪನವರು ತನಿಖೆಯನ್ನು ಸಿಬಿಐಗೆ ಒಪ್ಪಿಸಿದರು.

ಎರಡು ವರ್ಷಗಳ ನಂತರ ಇನ್ನೊಂದು ಕಡೆಯಿಂದ ಬೆರಳು ಏಳಿತು. ಪೆಗಾಸಸ್ ಎಂಬ ಇಸ್ರೇಲಿ ತಂತ್ರಾಂಶದ ಸಂಭಾವ್ಯ ಗುರಿಗಳೆನ್ನಲಾದ ಸಂಖ್ಯೆಗಳ ಪಟ್ಟಿಯಲ್ಲಿ, 2019ರಲ್ಲಿ ಉಪಮುಖ್ಯಮಂತ್ರಿಯಾಗಿದ್ದ ಜಿ. ಪರಮೇಶ್ವರ ಅವರ ಸಂಖ್ಯೆಯೂ ಇದೆಯೆಂದು 2021ರ ಜುಲೈಯಲ್ಲಿ ಪತ್ರಿಕೆಗಳು ಬರೆದವು. ಪಟ್ಟಿಯಲ್ಲಿ ಇದ್ದ ಮಾತ್ರಕ್ಕೆ ಫೋನು ಒಡೆಯಿತೆಂದು ಅರ್ಥವಲ್ಲ. ಸರ್ವೋಚ್ಚ ನ್ಯಾಯಾಲಯ ನೇಮಿಸಿದ, ನಿವೃತ್ತ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್ ಮೇಲ್ವಿಚಾರಣೆಯ ಸಮಿತಿ 29 ಫೋನುಗಳನ್ನು ಪರೀಕ್ಷಿಸಿ 5ರಲ್ಲಿ ಕುತಂತ್ರಾಂಶವನ್ನು ಕಂಡಿತು; ಅದು ಪೆಗಾಸಸ್ಸೇ ಎಂದು ನಿರ್ಣಯವಾಗಲಿಲ್ಲ. ಕೇಂದ್ರ ಸರಕಾರ ಸಹಕರಿಸಲಿಲ್ಲವೆಂದು 2022ರ ಆಗಸ್ಟಿನಲ್ಲಿ ನ್ಯಾಯಾಲಯದಲ್ಲಿ ಹೇಳಲಾಯಿತು.

ಯಾವ ಪಕ್ಷದ ಕಿವಿ ಉದ್ದ ಎಂಬ ವಾದ ಇಲ್ಲಿ ಬೇಡ. ಅಧಿಕಾರದಲ್ಲಿದ್ದಾಗ ಆರೋಪಿ, ಇಲ್ಲದಾಗ ಫಿರ್ಯಾದಿ ಎಂಬ ಸರದಿಯಾಟ ಎಲ್ಲರದೂ ಆಗಿದೆ. ಕೇಳಬೇಕಾದ ಪ್ರಶ್ನೆ ಬೇರೆಯಿದೆ. ಆ ಪರಿಶೀಲನಾ ಸಮಿತಿಯಲ್ಲಿ ಕುಳಿತವರು ಯಾರು? ಕೇಂದ್ರದಲ್ಲಿ ಸಂಪುಟ ಕಾರ್ಯದರ್ಶಿ ಮತ್ತು ಇಬ್ಬರು ಕಾರ್ಯದರ್ಶಿಗಳು. ರಾಜ್ಯದಲ್ಲಿ ಮುಖ್ಯ ಕಾರ್ಯದರ್ಶಿ ಮತ್ತು ಇಬ್ಬರು ಕಾರ್ಯದರ್ಶಿಗಳು. ಅಪ್ಪಣೆ ಕೊಡುವವರೂ ಕಾರ್ಯದರ್ಶಿ, ಅಪ್ಪಣೆಯನ್ನು ತೂಗುವವರೂ ಕಾರ್ಯದರ್ಶಿಗಳೇ. ಒಂದೇ ಮನೆಯ ಅಣ್ಣತಮ್ಮಂದಿರು ಒಬ್ಬರ ಲೆಕ್ಕವನ್ನು ಒಬ್ಬರು ನೋಡಿದಂತೆ. ನ್ಯಾಯಾಧೀಶರಿಲ್ಲ, ಶಾಸಕರಿಲ್ಲ. 1885ರ ಕಾನೂನಿನ ಜಾಗಕ್ಕೆ 2023ರ ದೂರಸಂಪರ್ಕ ಕಾನೂನು ಬಂದಿತು. 2024ರ ಡಿಸೆಂಬರಿನಲ್ಲಿ ಹೊಸ ನಿಯಮಗಳು ಬಂದವು. ಸಮಿತಿಯ ಕುರ್ಚಿಗಳು ಮಾತ್ರ ಹಾಗೆಯೇ ಉಳಿದವು.

ಅವರು ನೋಡುವುದಾದರೂ ಎಷ್ಟು? ಕೇಂದ್ರದ ಗೃಹ ಇಲಾಖೆಯೊಂದರಿಂದಲೇ ತಿಂಗಳಿಗೆ 7,500ರಿಂದ 9,000 ಅಪ್ಪಣೆಗಳು ಹೊರಡುತ್ತಿದ್ದವೆಂದು ಮಾಹಿತಿ ಹಕ್ಕಿನ ಉತ್ತರವೊಂದರಿಂದ 2014ರ ಹೊತ್ತಿಗೆ ತಿಳಿದುಬಂದಿತ್ತು. ಎರಡು ತಿಂಗಳಿಗೊಮ್ಮೆ ಸೇರುವ ಸಮಿತಿಯ ಮುಂದೆ ಒಂದೊಂದು ಬೈಠಕ್ಕಿಗೆ 15,000ರಿಂದ 18,000 ಕಾಗದಗಳು! ನ್ಯಾಯಮೂರ್ತಿ ಶ್ರೀಕೃಷ್ಣ ಸಮಿತಿ 2018ರ ತನ್ನ ವರದಿಯಲ್ಲಿ ಈ ಅಸಾಧ್ಯತೆಯನ್ನೇ ಎತ್ತಿ ತೋರಿತು. ಮೂವರು ಅಧಿಕಾರಿಗಳು ಊಟ ನಿದ್ರೆ ಬಿಟ್ಟು ಕುಳಿತರೂ ಇಷ್ಟನ್ನು ಓದಿ ಮುಗಿಸಲಾರರು. ಸಹಿ ಹಾಕಬಲ್ಲರು.

ಹಾಗಾದರೆ ಶಾಸನ ಸಭೆಗೆ ಒಪ್ಪಿಸಿದರೆ ಎಲ್ಲವೂ ಸರಿಹೋಗುವುದೆ? ಅದಕ್ಕೂ ಚಿಕ್ಕೋಡಿಯ ಇತಿಹಾಸದಲ್ಲೇ ಒಂದು ಪಾಠವುಂಟು. 1967ರಿಂದ ಸತತ ಏಳು ಬಾರಿ ಚಿಕ್ಕೋಡಿಯಿಂದ ಲೋಕಸಭೆಗೆ ಆರಿಸಿ ಹೋದ ಬಿ. ಶಂಕರಾನಂದರು ಬೋಫೋರ್ಸ್ ಫಿರಂಗಿ ಖರೀದಿಯ ಹಗರಣವನ್ನು ನೋಡಲು 1987ರಲ್ಲಿ ನೇಮಕವಾದ ಜಂಟಿ ಸಂಸದೀಯ ಸಮಿತಿಗೆ ಅಧ್ಯಕ್ಷರಾದರು. ಪ್ರಮುಖ ವಿರೋಧ ಪಕ್ಷಗಳು ಅದನ್ನು ಬಹಿಷ್ಕರಿಸಿದವು. 1988ರ ಏಪ್ರಿಲಿನಲ್ಲಿ ವರದಿ ಬಂದಾಗ ದೇಶ ಅದನ್ನು ಆಳುವ ಪಕ್ಷದ ವರದಿಯೆಂದೇ ಕಂಡಿತು. ಪೆಗಾಸಸ್ಸಿನ ಸಂದರ್ಭದಲ್ಲಿ ಇದೇ ಕಥೆ ತಿರುಗುಮುರುಗಾಯಿತು. ಶಶಿ ತರೂರ್ ಅಧ್ಯಕ್ಷತೆಯ ಮಾಹಿತಿ ತಂತ್ರಜ್ಞಾನ ಸ್ಥಾಯೀ ಸಮಿತಿ 2021ರ ಜುಲೈ 28ರಂದು ಸೇರಿದಾಗ ಆಳುವ ಪಕ್ಷದ ಸದಸ್ಯರು ಬಂದಿದ್ದರೂ ಹಾಜರಿ ಪುಸ್ತಕಕ್ಕೆ ಸಹಿ ಹಾಕಲಿಲ್ಲ. ಕೋರಂ ಇಲ್ಲದೆ ಸಭೆ ನಿಂತಿತು. ಒಂದು ಸಮಿತಿಗೆ ವಿರೋಧಿಗಳು ಬರಲಿಲ್ಲ, ಇನ್ನೊಂದರಲ್ಲಿ ಆಳುವವರು ಬಂದೂ ಇರಲಿಲ್ಲ. ಎರಡು ಚಕ್ರವಿದ್ದರೆ ಚಕ್ಕಡಿ ಸಾಗೀತು. ಒಂದನ್ನು ಕಳಚಿಟ್ಟರೆ ಎತ್ತಿನ ಮೇಲೆ ಸಿಟ್ಟಾಗಿ ಏನು ಫಲ?

ಬೇರೆ ದೇಶಗಳು ಪೂರ್ಣ ಸುಖಿಗಳೆಂದಲ್ಲ. ವಾಟರ್‌ಗೇಟಿನ ನಂತರ 1975ರಲ್ಲಿ ಅಮೆರಿಕದ ಸೆನೆಟ್ ತನ್ನ ಸಮಿತಿಯ ಮೂಲಕ ಬೇಹುಗಾರಿಕೆಯ ಅತಿರೇಕಗಳನ್ನು ಬಯಲಿಗೆಳೆಯಬೇಕಾಯಿತು. ಆದರೆ ಅಪರಾಧ ಪತ್ತೆಗಾಗಿ ಎಷ್ಟು ಫೋನುಗಳನ್ನು ಆಲಿಸಲು ಅಪ್ಪಣೆಯಾಯಿತೆಂಬ ಲೆಕ್ಕ ಅಲ್ಲಿ 1968ರ ಕಾನೂನಿನಂತೆ ವರ್ಷವರ್ಷವೂ ಕಾಂಗ್ರೆಸ್ ಸಭೆಗೆ ಹೋಗಬೇಕು. ಬ್ರಿಟನ್ನಿನಲ್ಲಿ 1985ರ ಕಾನೂನು ಸ್ವತಂತ್ರ ಕಮಿಷನರೊಬ್ಬರನ್ನು ನೇಮಿಸಿ, ಅವರ ವಾರ್ಷಿಕ ವರದಿಯನ್ನು ಪಾರ್ಲಿಮೆಂಟಿನ ಮುಂದೆ ಇಡಿಸಿತು. ಭಾರತದಲ್ಲಿಯೂ ಬೇಹು ಸಂಸ್ಥೆಗಳನ್ನು ಸಂಸತ್ತಿನ ನಿಗಾಕ್ಕೆ ತರುವ ಖಾಸಗಿ ಮಸೂದೆಯೊಂದನ್ನು 2011ರಲ್ಲಿ ಮನೀಶ್ ತಿವಾರಿ ಮಂಡಿಸಿದ್ದರು. ಅದು ಕಾನೂನಾಗಲಿಲ್ಲ.

ಹೆಸರುಗಳನ್ನು ಕೇಳುವುದು ಬೇಡ. ಕಳ್ಳನ ಹೆಸರನ್ನು ಮೊದಲೇ ಸಾರಿದರೆ ಕಳ್ಳ ಸಿಗುವುದಿಲ್ಲ. ಸಂಖ್ಯೆಯನ್ನಾದರೂ ಕೇಳಬಹುದು. ಕಳೆದ ವರ್ಷ ರಾಜ್ಯ ಸರಕಾರ ಎಷ್ಟು ಅಪ್ಪಣೆ ಕೊಟ್ಟಿತು, ಪರಿಶೀಲನಾ ಸಮಿತಿ ಎಷ್ಟು ಬಾರಿ ಸೇರಿತು, ಎಷ್ಟನ್ನು ತಿರಸ್ಕರಿಸಿತು? ಈ ಮೂರು ಅಂಕಿಗಳಿಂದ ಯಾವ ತನಿಖೆಯೂ ಕೆಡುವುದಿಲ್ಲ. ತಿರಸ್ಕರಿಸಿದ ಸಂಖ್ಯೆ ಸೊನ್ನೆಯಾಗಿದ್ದರೆ ಸಮಿತಿಯ ಕೆಲಸವೇನೆಂಬುದು ಜನಕ್ಕೆ ತಾನಾಗಿ ತಿಳಿಯುತ್ತದೆ.

ಕೇಳುವ ಸ್ಥಳವೂ ದೂರವಿಲ್ಲ. 2012ರಲ್ಲಿ ಉದ್ಘಾಟನೆಯಾದ ಸುವರ್ಣ ವಿಧಾನಸೌಧ ಈ ಐದೂ ಊರುಗಳ ಜಿಲ್ಲಾ ಕೇಂದ್ರವಾದ ಬೆಳಗಾವಿಯಲ್ಲಿಯೇ ಇದೆ. ಚಳಿಗಾಲದ ಅಧಿವೇಶನ ನಡೆಯುವುದು ಅಲ್ಲಿಯೇ. ಕಬ್ಬಿನ ಬೆಲೆಗಾಗಿ ಅದರ ಮುಂದೆ ರೈತರು ಧರಣಿ ಕೂಡುತ್ತಾರೆ, ಗಡಿಯ ಪ್ರಶ್ನೆ ಅಲ್ಲಿ ಏಳುತ್ತದೆ. ಚಿಕ್ಕೋಡಿಯ, ನಿಪ್ಪಾಣಿಯ, ರಾಯಬಾಗದ, ಅಥಣಿಯ, ಕಾಗವಾಡದ ಶಾಸಕರು ಯಾವ ಪಕ್ಷದವರಾದರೂ ಆಗಲಿ, ಪ್ರಶ್ನೋತ್ತರದ ವೇಳೆಯಲ್ಲಿ ಈ ಮೂರು ಅಂಕಿಗಳನ್ನು ಕೇಳಲು ಅಡ್ಡಿಯೇನು? ಅವರು ಕೇಳದಿದ್ದರೆ ಮತದಾರರೇ ಅವರಿಗೆ ನೆನಪು ಮಾಡಿಕೊಡಬೇಕು. ಅದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ. ಒಂದು ಫೋನು ಹಚ್ಚಿದರೆ ಸಾಕು.