ದಸರಾ ಮುಗಿದ ಮೇಲೆ ಮೈಸೂರಿಗೆ ಹೋಗಿ

ದಸರಾಕ್ಕೆಂದು ಮೈಸೂರಿಗೆ ಹೋದವರು ಜಂಬೂಸವಾರಿ, ದೀಪಾಲಂಕಾರ ನೋಡಿ ಮರುದಿನವೇ ಬಸ್ಸು ಹತ್ತುತ್ತಾರೆ. ಕೈಕೆಲಸದ ಸಾಮಾನು ಕೊಳ್ಳುವ ಆಸೆಯಿದ್ದವರು ಆ ಗದ್ದಲ ಇಳಿದ ಮೇಲೆ ಹೋಗುವುದೇ ಲೇಸು. ದೊಡ್ಡಕೆರೆ ಮೈದಾನದ ವಸ್ತುಪ್ರದರ್ಶನ ಹಬ್ಬ ಮುಗಿದ ಮೇಲೂ ವಾರಗಟ್ಟಲೆ ಇರುತ್ತದೆ. ಹತ್ತನೇ ಚಾಮರಾಜ ಒಡೆಯರ ಕಾಲದಲ್ಲಿ, 1880ರಲ್ಲಿ ಆರಂಭವಾದ ಪ್ರದರ್ಶನವಿದು. ವಾರದ ನಡುವಿನ ಸಂಜೆಯಾದರೆ ಮಕ್ಕಳ ಕೈ ಬಿಟ್ಟು ನಡೆಯಬಹುದು, ಅಂಗಡಿಯವರಿಗೂ ಮಾತಿಗೆ ಪುರುಸೊತ್ತಿರುತ್ತದೆ.

ಒಳಗೆ ಕಾಲಿಟ್ಟೊಡನೆ ಎದುರಾಗುವುದು ಪ್ಲಾಸ್ಟಿಕ್ ಡಬ್ಬಿ, ನೈಟಿ, ತರಕಾರಿ ಹೆಚ್ಚುವ ಸಲಕರಣೆ. ಅವು ನಿಮ್ಮೂರಿನಲ್ಲೂ ಸಿಗುತ್ತವೆ. ನಿಲ್ಲಬೇಕಾದದ್ದು ಇಳಕಲ್ ಸೀರೆ, ಬೀದರಿನ ಬಿದರಿ, ಚನ್ನಪಟ್ಟಣದ ಗೊಂಬೆಗಳಿರುವ ಕಡೆ.

ಚನ್ನಪಟ್ಟಣದ ಗೊಂಬೆಯನ್ನು ಮಾಡುವುದು ಆಲೆ ಮರದಿಂದ (ಆಲದ ಮರವಲ್ಲ). ಇದು ಹಗುರ, ದಂತದಂತೆ ಬಿಳಿ. ಒಣಗಿದ ಮರವನ್ನು ಲೇತ್‌ನಲ್ಲಿ ತಿರುಗಿಸಿ ಕಡೆಯುತ್ತಾರೆ. ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ; ಕುಂಚದ ಕೆಲಸವೇ ಇಲ್ಲ. ಆಮೇಲೆ ಒಣ ಗರಿಯಿಂದ ಉಜ್ಜಿ ಹೊಳಪು ಕೊಡುತ್ತಾರೆ. ಈ ಕಸುಬಿನಲ್ಲಿ ಮುಸ್ಲಿಂ ಕುಟುಂಬಗಳು ಬಹಳ. ಟಿಪ್ಪು ಸುಲ್ತಾನರು ಪರ್ಷಿಯಾದ ಕುಶಲಕರ್ಮಿಗಳನ್ನು ಕರೆಸಿ ಕಲಿಸಿದರೆಂಬ ಮಾತು ಆ ಊರಲ್ಲಿ ಎಲ್ಲರ ಬಾಯಲ್ಲೂ ಇದೆ.

ಕಷ್ಟವೇನೆಂದರೆ, ಒಂದೇ ಮೇಜಿನ ಮೇಲೆ ಕಾರ್ಖಾನೆಯ ಆಟಿಕೆಯೂ ಇರುತ್ತದೆ. ಕೈಗೆ ತೆಗೆದುಕೊಂಡು ನೋಡಿ. ಬಣ್ಣದಲ್ಲಿ ಕುಂಚದ ಗೆರೆಯಿದ್ದರೆ, ಪೈಂಟಿನ ವಾಸನೆ ಬಂದರೆ ಅದು ಅರಗಿನದಲ್ಲ. ಅರಗು ಕೈಗೆ ನುಣುಪಾಗಿ ಸಿಗುತ್ತದೆ. ಒಂದು ಅಂಗಡಿಯಲ್ಲಿ ನಾನು ಚಕ್ರದ ಕಾರೊಂದನ್ನು ಎತ್ತಿಕೊಂಡಾಗ ಮಾರುವ ಹುಡುಗನೇ, "ಆಪಾ, ಅದು ನಮ್ಮ ಕೆಲಸವಲ್ಲ. ಮಕ್ಕಳು ಕೇಳುತ್ತಾರೆಂದು ಇಟ್ಟದ್ದು. ಇದು ಅಬ್ಬಾ ಮಾಡಿದ್ದು" ಎಂದು ಬುಗುರಿಯೊಂದನ್ನು ಮುಂದಿಟ್ಟ. ಬೆಲೆ ಕಾರಿಗಿಂತ ತುಸು ಹೆಚ್ಚು, ಅಷ್ಟೆ.

ಚೌಕಾಸಿ ಬೇಡವೆಂದು ನಾನು ಹೇಳುವುದಿಲ್ಲ. ನೈಟಿಯ ಅಂಗಡಿಯಲ್ಲಿ ಧಾರಾಳವಾಗಿ ಮಾಡಿ. ಆದರೆ ಕಡೆದವರೇ ಮಾರಲು ಕುಳಿತಿರುವಲ್ಲಿ ನೀವು ಇಳಿಸುವ ಇಪ್ಪತ್ತು ರೂಪಾಯಿ ಅವರ ಕೂಲಿಯಿಂದಲೇ ಹೋಗುತ್ತದೆ. ಮನೆಗೆ ತಂದ ಗೊಂಬೆಯನ್ನು ಬಿಸಿನೀರಿನಲ್ಲಿ ತೊಳೆಯಬೇಡಿ, ಸುಡು ಬಿಸಿಲಿನಲ್ಲಿಡಬೇಡಿ.

ಬಿದರಿಯ ಹೂದಾನಿ ದುಬಾರಿ. ಸತು, ತಾಮ್ರದ ಮಿಶ್ರಲೋಹದಲ್ಲಿ ಉಳಿಯಿಂದ ಚಿತ್ತಾರ ಕೆತ್ತಿ, ಬೆಳ್ಳಿ ತಂತಿಯನ್ನು ಬಡಿದು ಕೂರಿಸಿ, ಬೀದರ ಕೋಟೆಯ ಮಣ್ಣು, ನವಸಾಗರ ಬೆರೆಸಿದ ದ್ರಾವಣದಿಂದ ಕಪ್ಪಾಗಿಸುತ್ತಾರೆ. ಲೋಹ ಮಾತ್ರ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಈ ಕಲೆಗಾಗಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಹೂದಾನಿ ಕೈಗೆಟುಕದಿದ್ದರೆ ಕೀ ಚೈನು, ಪುಟ್ಟ ಡಬ್ಬಿಗಳಿವೆ.

ಹೊಟ್ಟೆಯ ವಿಷಯಕ್ಕೆ ಬಂದರೆ, ಮಸಾಲೆ ಉದುರಿಸಿದ ಮೊರದಗಲದ ಡೆಲ್ಲಿ ಹಪ್ಪಳವಿಲ್ಲದೆ ಪ್ರದರ್ಶನ ಮುಗಿಯುವುದಿಲ್ಲ. ಅದರಲ್ಲಿ ಡೆಲ್ಲಿ ಎಷ್ಟಿದೆಯೋ ಕೇಳಬೇಡಿ! ದಸರಾ ದಿನಗಳಲ್ಲೇ ಹೋದರೆ ಬೇರೆ ಮೈದಾನದ ಆಹಾರ ಮೇಳದಲ್ಲಿ ಆದಿವಾಸಿಗಳು ಬಿದಿರಿನೊಳಗೆ ಬೇಯಿಸುವ ಬಂಬೂ ಬಿರಿಯಾನಿ ಸಿಗುತ್ತದೆ. ಮಾಂಸ ಹಲಾಲ್ ಹೌದೋ ಎಂದು ಮೊದಲೇ ವಿಚಾರಿಸಿಕೊಳ್ಳಿ; ಕೇಳಲು ಸಂಕೋಚವೇನೂ ಬೇಡ. ಖರೀದಿಯನ್ನು ಮಾತ್ರ ತಿನ್ನುವ ಮೊದಲೇ ಮುಗಿಸಿ. ಎಣ್ಣೆಗೈಯಲ್ಲಿ ಇಳಕಲ್ ಸೀರೆ ಮುಟ್ಟಲು ಯಾರೂ ಬಿಡುವುದಿಲ್ಲ.

ಬುಗುರಿ ಕೊಟ್ಟ ಹುಡುಗನನ್ನು "ಊರಲ್ಲೇ ವ್ಯಾಪಾರ ಇಲ್ಲವೇ?" ಎಂದು ಕೇಳಿದೆ. ಮೊದಲು ಬೆಂಗಳೂರು–ಮೈಸೂರು ವಾಹನಗಳೆಲ್ಲ ಚನ್ನಪಟ್ಟಣದ ನಡುವೆಯೇ ಹೋಗುತ್ತಿದ್ದವು, ಗೊಂಬೆ ಅಂಗಡಿ ಕಂಡು ಮಕ್ಕಳು ಹಟ ಹಿಡಿಯುತ್ತಿದ್ದರು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇ ಊರನ್ನು ಬದಿಗಿಟ್ಟು ಸಾಗುತ್ತದೆ. ಹಳೆಯ ರಸ್ತೆಯ ಅಂಗಡಿಗಳಲ್ಲಿ ಗಿರಾಕಿ ಕಡಿಮೆಯಾದರು. ಹಾಗಾಗಿ ಈಗ ಇಂಥ ಮೇಳಗಳನ್ನೇ ನಂಬಿದ್ದೇವೆ ಎಂದ.

ಬೆಂಗಳೂರಿನ ಕಡೆಗೆ ಹಿಂದಿರುಗುವವರು ಮಂಡ್ಯ ದಾಟಿದ ಮೇಲೆ ಹಳೆಯ ರಸ್ತೆಯನ್ನೇ ಹಿಡಿಯಿರಿ. ಸ್ವಲ್ಪ ತಡವಾಗುತ್ತದೆ, ಟೋಲ್ ಇಲ್ಲ. ಮದ್ದೂರಿನಲ್ಲಿ ವಡೆ, ಚಹಾ ಮುಗಿಸಿ ಹೊರಟರೆ ಮುಂದಿನ ಊರೇ ಚನ್ನಪಟ್ಟಣ.