ಅಂತ್ಯಕಾಲದ ಪ್ರವಾದನೆ: ನೆರೆಯ ಕ್ರೈಸ್ತರ ಭಿನ್ನಾಭಿಪ್ರಾಯ ಮತ್ತು ನಾವು

ಬಿಡದಿಯನ್ನು ತಟ್ಟೆ ಇಡ್ಲಿಯ ಊರೆಂದು ಬಲ್ಲವರೇ ಹೆಚ್ಚು. ಆದರೆ ಇಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಬದುಕು ಕಟ್ಟಿಕೊಂಡಿರುವ ನಮ್ಮಂತಹ ಕುಟುಂಬಗಳಿಗೆ ಬಿಡದಿಯೆಂದರೆ ಪಾಳಿಯ ಸೈರನ್, ಕಂಪೆನಿಯ ಬಸ್ಸು ಮತ್ತು ನಾಲ್ಕೂ ದಿಕ್ಕುಗಳಿಂದ ಬಂದು ಸೇರಿದ ಜನ. 1999ರ ಕೊನೆಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯು ಇಲ್ಲಿ ಉತ್ಪಾದನೆ ಆರಂಭಿಸಿದ ಬಳಿಕ ಬಿಡಿಭಾಗಗಳನ್ನು ತಯಾರಿಸುವ ಸಣ್ಣ ದೊಡ್ಡ ಘಟಕಗಳು ಸುತ್ತಲೂ ಹುಟ್ಟಿಕೊಂಡವು. ಅಂತಹ ಒಂದು ಘಟಕದಲ್ಲಿ ನಾವು ಹಲವು ವರ್ಷಗಳಿಂದ ದುಡಿಯುತ್ತಿದ್ದೇವೆ. ನಮ್ಮ ವಿಭಾಗದಲ್ಲಿ ಮೂವರು ಕ್ರೈಸ್ತ ಸಹೋದ್ಯೋಗಿಗಳಿದ್ದಾರೆ. ಒಬ್ಬರು ಕನಕಪುರ ತಾಲೂಕಿನ ಹಾರೋಬೆಲೆಯ ಕಥೋಲಿಕರು. ಇನ್ನೊಬ್ಬರು ಕೇರಳದಿಂದ ಬಂದ ಪೆಂತೆಕೋಸ್ತ್ ಸಭೆಯವರು. ಮೂರನೆಯವರು ಕೋಲಾರದ ಚಿನ್ನದ ಗಣಿ ಪ್ರದೇಶದ ತಮಿಳು ಮನೆಮಾತಿನವರು, ಸೆವೆಂತ್ ಡೇ ಅಡ್ವೆಂಟಿಸ್ಟ್ ಪಂಥಕ್ಕೆ ಸೇರಿದವರು. ಅವರಿಗೆ ಶನಿವಾರವೇ ಸಬ್ಬತ್ ದಿನ. ಅಂದು ಅವರು ದುಡಿಯುವುದಿಲ್ಲ. ಶುಕ್ರವಾರದ ಜುಮಾ ನಮಾಝಿನ ಹೊತ್ತಿಗೆ ಅವರು ನಮ್ಮ ಯಂತ್ರದ ಮುಂದೆ ನಿಲ್ಲುತ್ತಾರೆ, ಶನಿವಾರ ಅವರ ಪಾಳಿಯನ್ನು ನಾವು ನೋಡಿಕೊಳ್ಳುತ್ತೇವೆ. ಸೂಪರ್‌ವೈಸರ್ ಬದಲಾದಾಗಲೆಲ್ಲ ಈ ಏರ್ಪಾಡನ್ನು ಹೊಸದಾಗಿ ವಿವರಿಸಬೇಕಾಗುತ್ತದೆ, ಅಷ್ಟೆ.

2023ರ ಅಕ್ಟೋಬರ್ ತಿಂಗಳ ನಂತರ ಗಾಝಾದ ಸುದ್ದಿಗಳು ಎಲ್ಲರ ಮೊಬೈಲುಗಳನ್ನು ತುಂಬಿದಾಗ ಈ ಮೂವರ ನಡುವೆ ಕ್ಯಾಂಟೀನಿನಲ್ಲಿ ಒಂದು ವಾದ ಎದ್ದಿತು. ಇದೆಲ್ಲವೂ ಬೈಬಲ್ ಮೊದಲೇ ತಿಳಿಸಿದ್ದು, ಗಡಿಯಾರದ ಮುಳ್ಳು ಹನ್ನೆರಡರ ಹತ್ತಿರ ಬಂದಿದೆ ಎಂದು ಪೆಂತೆಕೋಸ್ತ್ ಸಹೋದರರು ಹೇಳಿದರು. ಅವರ ನಂಬಿಕೆಯಂತೆ ನಿಜವಿಶ್ವಾಸಿಗಳು ಒಂದು ದಿನ ಹಠಾತ್ತನೆ ಮೇಲಕ್ಕೆ ಎತ್ತಲ್ಪಡುವರು. ಉಳಿದವರ ಮೇಲೆ ಏಳು ವರ್ಷಗಳ ಮಹಾಸಂಕಟ ಎರಗುವುದು. ಆಮೇಲೆ ಯೇಸು ಭೂಮಿಗೆ ಇಳಿದು ಬಂದು ಸಾವಿರ ವರ್ಷ ಆಳುವರು. ಅಡ್ವೆಂಟಿಸ್ಟ್ ಸಹೋದರರು ತಲೆಯಾಡಿಸಿದರು: ಗುಟ್ಟಾಗಿ ಎತ್ತಿಕೊಂಡು ಹೋಗುವುದೆಂಬುದು ಇಲ್ಲವೇ ಇಲ್ಲ, ಬರುವಾಗ ಎಲ್ಲರ ಕಣ್ಣಿಗೂ ಕಾಣುವಂತೆ ಬರುವರು, ಆ ಸಾವಿರ ವರ್ಷ ಭಕ್ತರು ಸ್ವರ್ಗದಲ್ಲಿರುವರು, ಭೂಮಿ ಬರಿದಾಗಿ ಬಿದ್ದಿರುವುದು. ಹಾರೋಬೆಲೆಯವರು ಊಟ ಮುಗಿಸಿ ಕೈತೊಳೆದು ಬಂದ ಮೇಲೆ ಹೇಳಿದ್ದು ಒಂದೇ ಮಾತು: ಆ ಸಾವಿರ ಎಂಬುದು ಲೆಕ್ಕದ ಸಾವಿರವಲ್ಲ, ಅದು ಈಗಲೇ ನಡೆಯುತ್ತಿರುವ ಕಾಲ.

ಒಂದೇ ಧರ್ಮದ ಮೂವರು, ಒಂದೇ ಪುಟದ ಮೇಲೆ ಬೆರಳಿಟ್ಟು ಮೂರು ದಾರಿ ಹಿಡಿದದ್ದು ನಮಗೆ ಕುತೂಹಲ ಹುಟ್ಟಿಸಿತು. ಆ ಬಳಿಕ ನಾವು ಈ ವಿಷಯವನ್ನು ಸಾಕಷ್ಟು ಓದಿದ್ದೇವೆ.

ವಿವಾದದ ಬೇರು ಹೊಸ ಒಡಂಬಡಿಕೆಯ ಕೊನೆಯ ಗ್ರಂಥವಾದ ‘ಪ್ರಕಟನೆ’ಯಲ್ಲಿದೆ. ಅದರ 20ನೇ ಅಧ್ಯಾಯದಲ್ಲಿ ಸಾವಿರ ವರ್ಷ ಎಂಬ ಮಾತು ಆರು ಬಾರಿ ಬರುತ್ತದೆ. ಬೈಬಲಿನ ಬೇರಾವ ಅಧ್ಯಾಯದಲ್ಲಿಯೂ ಈ ಆಳ್ವಿಕೆಯ ವಿವರ ಹೀಗೆ ಕಾಣಸಿಗದು. ಮೃಗಗಳು, ಕೊಂಬುಗಳು, ಮುದ್ರೆಗಳು, ತುತೂರಿಗಳಿಂದ ತುಂಬಿದ ಗ್ರಂಥದಲ್ಲಿ ಈ ಒಂದು ಸಂಖ್ಯೆಯನ್ನು ಮಾತ್ರ ಅಕ್ಷರಶಃ ಓದಬೇಕೇ, ಅಥವಾ ಅದೂ ಸಂಕೇತವೇ? ಐದನೇ ಶತಮಾನದ ಆರಂಭದಲ್ಲಿ ಉತ್ತರ ಆಫ್ರಿಕದ ಬಿಷಪ್ ಅಗಸ್ಟೀನ್ ಅದನ್ನು ಸಂಕೇತವೆಂದೇ ಓದಿದರು: ಕ್ರಿಸ್ತನ ಮೊದಲ ಬರುವಿಕೆಯಿಂದ ಎರಡನೆಯದರವರೆಗಿನ ಚರ್ಚಿನ ಕಾಲವೇ ಆ ಸಾವಿರ ವರ್ಷ. ಕಥೋಲಿಕರು ಬಹುಮಟ್ಟಿಗೆ ಇಂದಿಗೂ ಇದೇ ದಾರಿಯಲ್ಲಿದ್ದಾರೆ. ಅವರಿಗಿಂತ ಹಿಂದಿನ ಹಲವು ಕ್ರೈಸ್ತ ಗುರುಗಳು ಮಾತ್ರ ಭೂಮಿಯ ಮೇಲಿನ ನಿಜವಾದ ಆಳ್ವಿಕೆಯನ್ನೇ ನಿರೀಕ್ಷಿಸಿದ್ದರು. ಇನ್ನೊಂದು ಪಕ್ಷವೂ ಇದೆ. ಅದರ ಪ್ರಕಾರ ಸುವಾರ್ತೆಯಿಂದ ಲೋಕ ಮೆಲ್ಲಮೆಲ್ಲನೆ ಸುಧಾರಿಸಿ ಸುವರ್ಣಕಾಲ ಬರುವುದು, ಕ್ರಿಸ್ತನು ಅದರ ಕೊನೆಗೆ ಬರುವನು. ಎರಡು ಮಹಾಯುದ್ಧಗಳ ನಂತರ ಈ ಆಶಾವಾದಕ್ಕೆ ಬೆಂಬಲಿಗರು ವಿರಳವಾದರು.

‘ಎತ್ತಲ್ಪಡುವಿಕೆ’ಯ ಕಥೆ ಬೇರೆ. ವಿಶ್ವಾಸಿಗಳು ಮೋಡಗಳಲ್ಲಿ ಒಯ್ಯಲ್ಪಡುವ ಮಾತು ಥೆಸಲೋನಿಕದವರಿಗೆ ಪೌಲನು ಬರೆದ ಮೊದಲ ಪತ್ರದಲ್ಲಿದೆ. ಆದರೆ ಅದು ಮಹಾಸಂಕಟಕ್ಕೆ ಮುಂಚೆ ನಡೆಯುವ ಪ್ರತ್ಯೇಕ ಘಟನೆಯೆಂಬ ಬೋಧನೆ ಹರಡಿದ್ದು 1830ರ ದಶಕದಿಂದ ಈಚೆಗೆ, ಬ್ರದರನ್ ಪಂಥದ ಜಾನ್ ನೆಲ್ಸನ್ ಡಾರ್ಬಿಯವರ ಮೂಲಕ. ಅವರದೇ ಪಂಥದ ಬೆಂಜಮಿನ್ ನ್ಯೂಟನ್ ಇದನ್ನು ಒಪ್ಪಲಿಲ್ಲ. 1840ರ ದಶಕದಲ್ಲಿ ಆ ಪಂಥ ಒಡೆದು ಹೋದದ್ದಕ್ಕೆ ಈ ಮನಸ್ತಾಪವೂ ಒಂದು ಕಾರಣವಾಯಿತು. 1909ರಲ್ಲಿ ಪ್ರಕಟವಾದ ಸ್ಕೋಫೀಲ್ಡ್ ಬೈಬಲಿನ ಅಡಿಟಿಪ್ಪಣಿಗಳು ಡಾರ್ಬಿಯವರ ಯೋಜನೆಯನ್ನು ಲಕ್ಷಾಂತರ ಮನೆಗಳಿಗೆ ಮುಟ್ಟಿಸಿದವು. ಪವಿತ್ರ ಗ್ರಂಥದ ಪುಟದ ಕೆಳಗೆ ಟಿಪ್ಪಣಿ ಮುದ್ರಿಸಿದರೆ ಓದುಗನ ಕಣ್ಣಿಗೆ ಎರಡೂ ಒಂದೇ ಆಗಿಬಿಡುವ ಅಪಾಯವಿದೆ. ನಮ್ಮ ಮನೆಗಳಲ್ಲಿರುವ ಅನುವಾದಗಳನ್ನು ಓದುವಾಗಲೂ ಈ ಎಚ್ಚರ ಬೇಕು.

ನಮ್ಮ ಕರ್ನಾಟಕಕ್ಕೂ ಈ ಕಥೆಗೂ ನಂಟಿದೆ. ಜರ್ಮನಿಯ ವುರ್ಟೆಂಬರ್ಗ್ ಪ್ರಾಂತದಲ್ಲಿ ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್ (1687–1752) ಎಂಬ ಮಹಾವಿದ್ವಾಂಸರಿದ್ದರು. ಹೊಸ ಒಡಂಬಡಿಕೆಯ ಗ್ರೀಕ್ ಪಾಠವನ್ನು ಹಸ್ತಪ್ರತಿಗಳ ನೆರವಿನಿಂದ ಪರಿಷ್ಕರಿಸಿದ ಗಂಭೀರ ಪಂಡಿತರು ಅವರು. ಅಂಥವರು ‘ಪ್ರಕಟನೆ’ಯ ಸಂಖ್ಯೆಗಳನ್ನು ಕೂಡಿ ಕಳೆದು, ಸಾವಿರ ವರ್ಷದ ಯುಗ 1836ರಲ್ಲಿ ಆರಂಭವಾಗುವುದೆಂದು ಲೆಕ್ಕ ಹಾಕಿದರು. ವುರ್ಟೆಂಬರ್ಗಿನ ಭಕ್ತ ಕುಟುಂಬಗಳಲ್ಲಿ ಈ ವರ್ಷದ ನಿರೀಕ್ಷೆ ತಲೆಮಾರುಗಳವರೆಗೆ ಉಳಿಯಿತು. ಅದೇ ಭಕ್ತವರ್ಗದ ಬೆಂಬಲದಿಂದ 1815ರಲ್ಲಿ ಬಾಸೆಲ್ ಮಿಶನ್ ಸ್ಥಾಪನೆಯಾಯಿತು. ಅದರ ಮೊದಲ ಮಿಶನರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಅದೇ ವುರ್ಟೆಂಬರ್ಗಿನ ಹರ್ಮನ್ ಮೋಗ್ಲಿಂಗ್ ಬಂದದ್ದು ಬೆಂಗೆಲ್ ಹೇಳಿದ 1836ರಲ್ಲೇ! ಅವರು ಆ ಲೆಕ್ಕವನ್ನು ನಂಬಿ ಹಡಗು ಹತ್ತಿದರೆಂದು ನಾವು ಹೇಳುತ್ತಿಲ್ಲ. ಆದರೆ ಆ ವರ್ಷ ಬಂತು, ಹೋಯಿತು, ಲೋಕ ಇದ್ದಂತೆಯೇ ಇತ್ತು. ಅವರ ಮಿಶನ್ 1841ರಲ್ಲಿ ಮಂಗಳೂರಿನಲ್ಲಿ ಮುದ್ರಣಾಲಯ ತೆರೆಯಿತು. 1843ರಲ್ಲಿ ಮೋಗ್ಲಿಂಗರು ‘ಮಂಗಳೂರು ಸಮಾಚಾರ’ ಹೊರತಂದರು, ಕನ್ನಡಕ್ಕೆ ಮೊದಲ ಪತ್ರಿಕೆ ದೊರೆಯಿತು. 1865ರಲ್ಲಿ ಅದೇ ಮಿಶನ್ ಹೆಂಚಿನ ಕಾರ್ಖಾನೆ ಆರಂಭಿಸಿತು. 1894ರಲ್ಲಿ ಕಿಟೆಲ್ ನಿಘಂಟು ಬಂತು. ಕರಾವಳಿಯ ನಮ್ಮ ಎಷ್ಟೋ ಮಸೀದಿ, ಮದ್ರಸಾಗಳ ಸೂರಿನ ಮೇಲೆ ಮಂಗಳೂರು ಹೆಂಚಿದೆ. ಮತಾಂತರದ ಪ್ರಶ್ನೆಯಲ್ಲಿ ಆ ಮಿಶನ್ನಿನೊಂದಿಗೆ ನಮಗೆ ಸಹಮತವಿಲ್ಲದಿದ್ದರೂ ಇಷ್ಟನ್ನು ಒಪ್ಪಲೇಬೇಕು.

ಎಲ್ಲರಿಗೂ ಇಷ್ಟು ಸುಲಭವಾಗಿ ಕಳೆಯಲಿಲ್ಲ. ತಿರುವಾಂಕೂರಿನಲ್ಲಿ ಬ್ರಾಹ್ಮಣ ಮನೆತನದಿಂದ ಕ್ರೈಸ್ತರಾಗಿದ್ದ ಪಾದ್ರಿ ಜಸ್ಟಸ್ ಜೋಸೆಫ್ 1875ರಲ್ಲಿ, ಇನ್ನು ಆರು ವರ್ಷಗಳಲ್ಲಿ, ಅಂದರೆ 1881ರಲ್ಲಿ, ಯೇಸು ಮರಳುವರೆಂದು ಸಾರಿದರು. ವರ್ಷ ಕಳೆಯಿತು, ಉಳಿದ ಅನುಯಾಯಿಗಳು ‘ಯುಯೋಮಯ’ ಎಂಬ ಪ್ರತ್ಯೇಕ ಪಂಥವಾದರು. ಅಮೆರಿಕದ ರೈತ ವಿಲಿಯಂ ಮಿಲ್ಲರ್ ದಾನಿಯೇಲನ ಗ್ರಂಥದ 2,300 ದಿನಗಳನ್ನು ವರ್ಷಗಳೆಂದು ಎಣಿಸಿದರು. ಅವರ ಅನುಯಾಯಿಗಳು 1844ರ ಅಕ್ಟೋಬರ್ 22ರಂದು ಕಾದು ಕುಳಿತರು. ಕೆಲವರು ಹೊಲದ ಫಸಲನ್ನು ಕೊಯ್ಯದೆಯೇ ಬಿಟ್ಟಿದ್ದರು. ದಿನಾಂಕ ಸರಿ, ಘಟನೆ ಮಾತ್ರ ಭೂಮಿಯಲ್ಲಲ್ಲ ಸ್ವರ್ಗದಲ್ಲಿ ನಡೆಯಿತು ಎಂದು ಅವರಲ್ಲಿ ಒಂದು ಗುಂಪು ಅರ್ಥೈಸಿತು. ನಮ್ಮ ಸಹೋದ್ಯೋಗಿಯ ಅಡ್ವೆಂಟಿಸ್ಟ್ ಚರ್ಚು 1863ರಲ್ಲಿ ರೂಪುಗೊಂಡದ್ದು ಆ ಗುಂಪಿನಿಂದಲೇ. ಅವರೇ ಇದನ್ನು ನಮಗೆ ಮುಚ್ಚುಮರೆಯಿಲ್ಲದೆ ತಿಳಿಸಿದರು. ಅಂದಿನಿಂದ ತಮ್ಮವರು ದಿನಾಂಕ ಹೇಳುವುದಿಲ್ಲವೆಂದೂ ಸೇರಿಸಿದರು. 2011ರ ಮೇ 21 ಎಂದು ಸಾರಿದ ಹೆರಾಲ್ಡ್ ಕ್ಯಾಂಪಿಂಗ್ ಅವರ ಪ್ರಸಂಗ ಹಲವರಿಗೆ ನೆನಪಿರಬಹುದು.

ಮುಸ್ಲಿಮರಾದ ನಮಗೆ ಈ ವಿವಾದ ದೂರದ್ದಲ್ಲ. ಅವರ ವ್ಯಾಖ್ಯಾನಗಳಲ್ಲಿ ನಾವೂ ಪಾತ್ರಧಾರಿಗಳು. ‘ಪ್ರಕಟನೆ’ಯ 9ನೇ ಅಧ್ಯಾಯದ ಮಿಡತೆಗಳನ್ನು ಅರಬ್ ಮುಸ್ಲಿಮರೆಂದೂ, ಯೂಫ್ರೆಟಿಸ್ ನದಿಯ ಬಳಿಯ ಕುದುರೆ ಸವಾರರನ್ನು ತುರ್ಕರೆಂದೂ ಓದಿದ ಪ್ರಾಟೆಸ್ಟೆಂಟ್ ಪಂಡಿತರು ಶತಮಾನಗಳ ಕಾಲ ಇದ್ದರು. ಮಿಲ್ಲರ್ ಅವರ ಸಂಗಡಿಗ ಜೋಸಾಯ ಲಿಚ್, ಉಸ್ಮಾನಿಯಾ ಅಧಿಕಾರ 1840ರ ಆಗಸ್ಟ್ 11ರಂದು ಬೀಳುವುದೆಂದು ಬರೆದರು. ಆ ಸಲ್ತನತ್ ಮುಗಿದದ್ದು 1922ರಲ್ಲಿ. ಆದರೂ ಯೂರೋಪಿನ ರಾಜ್ಯಗಳ ನೆರವನ್ನು ಸುಲ್ತಾನರು ಒಪ್ಪಿದ್ದೇ ಅದರ ನೆರವೇರಿಕೆಯೆಂದು ಅವರ ಬಳಗ ನಂಬಿತು. ನೆಪೋಲಿಯನ್‌ನನ್ನು ‘ಪ್ರಕಟನೆ’ಯ ಮೃಗವೆಂದು ಗುರುತಿಸಿದ ಇಂಗ್ಲಿಷರೂ ಇದ್ದರು, ಅದೇ ನೆಪೋಲಿಯನ್ 1799ರಲ್ಲಿ ಈಜಿಪ್ಟಿನಿಂದ ನಮ್ಮ ಟಿಪ್ಪು ಸುಲ್ತಾನರಿಗೆ ಪತ್ರ ಬರೆದದ್ದು ಇಲ್ಲಿ ನೆನಪಾಗುತ್ತದೆ.

ಇಂದು ಈ ಓದು ರಾಜಕೀಯವಾಗಿ ಬಹಳ ದುಬಾರಿಯಾಗಿದೆ. 1948ರಲ್ಲಿ ಇಸ್ರೇಲ್ ಸ್ಥಾಪನೆಯಾದುದು ಪ್ರವಾದನೆಯ ನೆರವೇರಿಕೆಯೆಂದು ಡಾರ್ಬಿಯವರ ಹಾದಿಯಲ್ಲಿರುವ ಅನೇಕರು ನಂಬುತ್ತಾರೆ. ಫೆಲೆಸ್ತೀನಿಯರ ನೋವು ಆ ನಂಬಿಕೆಯಲ್ಲಿ ಕಾಣದೆ ಹೋಗುತ್ತದೆ. ಆದರೆ ಕ್ರೈಸ್ತರೆಲ್ಲರೂ ಹೀಗೆಂದು ತಿಳಿಯುವುದು ಅನ್ಯಾಯ. ಫೆಲೆಸ್ತೀನಿನ ಕ್ರೈಸ್ತರೇ 2009ರ ಡಿಸೆಂಬರಿನಲ್ಲಿ ‘ಕೈರೋಸ್ ಫೆಲೆಸ್ತೀನ್’ ಎಂಬ ಹೇಳಿಕೆ ಹೊರಡಿಸಿ, ತಮ್ಮ ನೆಲದ ಆಕ್ರಮಣಕ್ಕೆ ಬೈಬಲನ್ನು ಆಧಾರವಾಗಿ ಬಳಸುವುದನ್ನು ಖಂಡಿಸಿದರು. ಬೆತ್ಲೆಹೇಮ್ ಇರುವುದು ಅವರ ನಾಡಿನಲ್ಲೇ ಅಲ್ಲವೇ? ಈ ಹೇಳಿಕೆಯ ವಿಷಯವನ್ನು ನಾವು ಕ್ಯಾಂಟೀನಿನಲ್ಲಿ ಪ್ರಸ್ತಾಪಿಸಿದಾಗ ಪೆಂತೆಕೋಸ್ತ್ ಸಹೋದರರು ಅಲ್ಲಿಯೂ ಕ್ರೈಸ್ತರಿರುವರೆಂದು ಅದೇ ಮೊದಲು ಕೇಳಿದಂತೆ ಬೆರಗಾದರು. ಅವರು ತಮ್ಮ ನಿಲುವನ್ನು ಬದಲಿಸಲಿಲ್ಲ. ಆದರೆ ಮರುದಿನದಿಂದ ಗಾಝಾದ ವಿಡಿಯೋಗಳನ್ನು ಗೆಲುವಿನ ದನಿಯಲ್ಲಿ ತೋರಿಸುವುದು ನಿಂತಿತು.

ಇಷ್ಟು ಓದಿದ ಮೇಲೆ, ನೋಡಿ ಅವರಲ್ಲಿ ಎಷ್ಟು ಗೊಂದಲ ಎಂದು ನಗುವವರು ನಮ್ಮಲ್ಲಿ ಇರಬಹುದು. ಆ ನಗು ನಮಗೆ ಶೋಭಿಸದು. ಈಸಾ(ಅ)ರು ಅಂತ್ಯದಿನಕ್ಕೆ ಮುನ್ನ ನ್ಯಾಯನಿಷ್ಠ ಆಡಳಿತಗಾರರಾಗಿ ಇಳಿದು ಬರುವರೆಂಬ ಹದೀಸ್‌ಗಳು ಬುಖಾರಿ, ಮುಸ್ಲಿಮ್ ಎರಡರಲ್ಲೂ ಇವೆ. ದಜ್ಜಾಲ್, ಯಅ್‌ಜೂಜ್ ಮಅ್‌ಜೂಜ್, ಮಹ್ದಿ ಇವೆಲ್ಲವೂ ನಮ್ಮ ಪರಂಪರೆಯಲ್ಲಿವೆ. ಮತ್ತು ಇವುಗಳನ್ನು ತಮ್ಮ ಕಾಲದ ವ್ಯಕ್ತಿಗಳ ಮೇಲೆ ಹೊರಿಸಿದವರೂ ನಮ್ಮಲ್ಲಿದ್ದಾರೆ. ಹಿಜರಿ 1400ರ ಮೊದಲ ದಿನ, 1979ರ ನವೆಂಬರ್ 20ರಂದು, ಜುಹೈಮಾನ್ ಅಲ್ ಉತೈಬಿಯ ಗುಂಪು ತಮ್ಮವನೊಬ್ಬನನ್ನು ಮಹ್ದಿ ಎಂದು ಘೋಷಿಸಿ ಪವಿತ್ರ ಹರಮ್ ಶರೀಫನ್ನು ಬಂದೂಕು ಹಿಡಿದು ಆಕ್ರಮಿಸಿತು. ಎರಡು ವಾರಗಳ ಕಾಲ ಅಲ್ಲಿ ರಕ್ತ ಹರಿಯಿತು. ಅವರೂ ಹದೀಸ್‌ಗಳನ್ನು ಓದಿದವರೇ.

ಅಷ್ಟು ದೂರ ಏಕೆ, ಇಲ್ಲಿಂದ ಅನತಿ ದೂರದ ಚನ್ನಪಟ್ಟಣದಲ್ಲಿ ಮಹ್ದವಿ ಸಹೋದರರು ತಲೆಮಾರುಗಳಿಂದ ನೆಲೆಸಿದ್ದಾರೆ. ಅವರ ನೆಲೆಗೆ ದಾಯಿರಾ ಎಂದು ಹೆಸರು. ಬರಬೇಕಾದ ಮಹ್ದಿಯು ಜೌನ್‌ಪುರದ ಸಯ್ಯಿದ್ ಮುಹಮ್ಮದ್ (1443–1505) ಅವರೇ, ಅವರು ಬಂದು ಹೋಗಿದ್ದಾರೆ ಎಂಬುದು ಅವರ ನಂಬಿಕೆ. ನಾವು ಅದನ್ನು ಒಪ್ಪುವುದಿಲ್ಲ. ನಮ್ಮ ಉಲಮಾಗಳು ಅದಕ್ಕೆ ಕಾರಣಗಳನ್ನು ಕೊಟ್ಟಿದ್ದಾರೆ. ಒಬ್ಬರಿಗೆ ಮುಗಿದು ಹೋದದ್ದು ಇನ್ನೊಬ್ಬರಿಗೆ ಬರಬೇಕಾದದ್ದು. ಇದು ಹಾರೋಬೆಲೆಯವರಿಗೂ ಕೇರಳದವರಿಗೂ ಇರುವಂತಹ ವ್ಯತ್ಯಾಸವೇ. ರೇಷ್ಮೆಯ ವ್ಯಾಪಾರದಲ್ಲಿ ನಮ್ಮ ಹಿರಿಯರು ಅವರೊಂದಿಗೆ ಕೊಡುಕೊಳ್ಳುವಿಕೆ ನಡೆಸಿಕೊಂಡು ಬಂದಿದ್ದಾರೆ, ಈ ಪ್ರಶ್ನೆ ಲೆಕ್ಕದ ಪುಸ್ತಕದೊಳಗೆ ಬಂದದ್ದಿಲ್ಲ.

ನಮ್ಮನ್ನು ಇದನ್ನು ಬರೆಯಲು ಹಚ್ಚಿದ್ದು ಬೇರೊಂದು ಕಳವಳ. ಐಟಿಐ ಓದುತ್ತಿರುವ ನಮ್ಮ ತಂಗಿಯ ಮಗ ನಮ್ಮ ಮನೆಯಲ್ಲೇ ಇದ್ದಾನೆ. ರಾತ್ರಿಯೆಲ್ಲ ದಜ್ಜಾಲ್ ಬಗೆಗಿನ ವಿಡಿಯೋಗಳನ್ನು ನೋಡುತ್ತಿದ್ದವನು ಒಂದು ದಿನ ಪರೀಕ್ಷೆಗೆ ಶುಲ್ಕ ಕಟ್ಟಲು ಹಿಂದೇಟು ಹಾಕಿದ. “ಮಾಮು, ಎಲ್ಲ ನಿಶಾನಿಗಳೂ ಬಂದುಬಿಟ್ಟಿವೆ. ಇನ್ನು ಸರ್ಟಿಫಿಕೇಟ್ ತೆಗೆದುಕೊಂಡು ಮಾಡುವುದೇನು?” ಎಂದು ಕೇಳಿದ. ಸೋಮಾರಿತನವೆಂದು ಗದರಿಸಬಹುದಿತ್ತು, ಆದರೆ ಅವನ ಕಣ್ಣಿನಲ್ಲಿ ಭಯವಿತ್ತು. 1844ರಲ್ಲಿ ಕೊಯ್ಯದೆ ಬಿಟ್ಟ ಹೊಲಗಳು ನಮ್ಮ ಮನೆಯೊಳಗೇ ಬಂದು ನಿಂತಂತಾಯಿತು.

ನಾವು ಅವನನ್ನು ಕೂರಿಸಿಕೊಂಡು, ಆ ಘಳಿಗೆಯ ಅರಿವು ಅಲ್ಲಾಹನ ಬಳಿ ಮಾತ್ರ ಇದೆ, ಅದು ಹಠಾತ್ತನೆ ಬರುವುದು ಎಂದು ಸೂರಃ ಅಲ್ ಅಅ್‌ರಾಫ್‌ನ 187ನೇ ಸೂಕ್ತ ತಿಳಿಸುವುದನ್ನು ತೋರಿಸಿದೆವು. ಜಿಬ್ರೀಲ್(ಅ)ರು ಕೇಳಿದಾಗಲೂ ಪ್ರವಾದಿ(ಸ)ರು ಆ ಘಳಿಗೆಯ ವಿಷಯದಲ್ಲಿ ತಮಗೆ ಕೇಳಿದವರಿಗಿಂತ ಹೆಚ್ಚು ತಿಳಿದಿಲ್ಲವೆಂದೇ ಉತ್ತರಿಸಿದರು. ಮತ್ತಾಯನ ಸುವಾರ್ತೆಯ 24ನೇ ಅಧ್ಯಾಯದಲ್ಲಿಯೂ ಆ ದಿನವನ್ನು ದೇವದೂತರು ಕೂಡ ಅರಿಯರೆಂಬ ಅರ್ಥದ ಮಾತಿದೆ; ಕ್ಯಾಂಟೀನಿನ ಮೂವರೂ ಒಪ್ಪುವ ಮಾತು ಅದೊಂದೇ. ಅಂತ್ಯದಿನ ಯಾವಾಗ ಎಂದು ಕೇಳಿ ಬಂದ ವ್ಯಕ್ತಿಗೆ ಪ್ರವಾದಿ(ಸ)ರು ದಿನಾಂಕ ಹೇಳಲಿಲ್ಲ, ಅದಕ್ಕಾಗಿ ಏನು ಸಿದ್ಧತೆ ಮಾಡಿಕೊಂಡಿರುವೆ ಎಂದು ಮರುಪ್ರಶ್ನೆ ಹಾಕಿದರು. ಕೈಯಲ್ಲಿ ಸಸಿಯಿರುವಾಗ ಅಂತ್ಯಘಳಿಗೆ ಬಂದರೂ ಸಾಧ್ಯವಾದರೆ ಅದನ್ನು ನೆಡಬೇಕೆಂಬ ಅವರ ಆದೇಶ ಮುಸ್ನದ್ ಅಹ್ಮದ್‌ನಲ್ಲಿದೆ.

ಹುಡುಗ ಬಹಳ ಹೊತ್ತು ಸುಮ್ಮನಿದ್ದ. “ಹಾಗಾದರೆ ಆ ವಿಡಿಯೋ ಮಾಡುವವರಿಗೆ ಇದೆಲ್ಲ ಗೊತ್ತಿಲ್ಲವಾ ಮಾಮು?” ಎಂದ. ಗೊತ್ತಿದೆ, ಆದರೆ ಅದನ್ನು ಹೇಳಿದರೆ ವಿಡಿಯೋ ಅರ್ಧ ನಿಮಿಷಕ್ಕೆ ಮುಗಿದುಹೋಗುತ್ತದೆ ಎಂದೆವು. ಅವನು ನಕ್ಕ. ಶುಲ್ಕ ಕಟ್ಟಲು ಇನ್ನೂ ಎರಡು ದಿನ ಬಾಕಿಯಿತ್ತು.