ಚಂದ್ರಲೋಕಕ್ಕೊಂದು ಸುತ್ತು

ಮೂಡಲಗಿ ಕಡೆಯ ಕುಲಗೋಡ ತಮ್ಮಣ್ಣನ ಹೆಸರಿನೊಡನೆ ಬೆಸೆದುಕೊಂಡಿರುವ ಶ್ರೀಕೃಷ್ಣ ಪಾರಿಜಾತದಲ್ಲಿ ಪಾತ್ರಧಾರಿಯು ರಂಗಸ್ಥಳವನ್ನು ಒಂದು ಸುತ್ತು ಬಂದನೆಂದರೆ ಲೋಕಾಂತರವೇ ಆಯಿತೆಂದು ನಮ್ಮ ಸೀಮೆಯ ಪ್ರೇಕ್ಷಕರು ನಿರಾಕ್ಷೇಪವಾಗಿ ಒಪ್ಪಿಬಿಡುತ್ತಾರೆ. ದೇವಲೋಕಕ್ಕೂ ದ್ವಾರಕೆಗೂ ಎಷ್ಟು ಯೋಜನವೆಂದು ನಾರದನನ್ನು ತಡೆದು ಕೇಳಿದವರುಂಟೆ? ಚಕೋರವು ಬೆಳುದಿಂಗಳನ್ನು ಕುಡಿಯುವುದೆಂದೂ ಕೀರ್ತಿಯ ಬಣ್ಣ ಬಿಳುಪೆಂದೂ ಒಪ್ಪುವ ಕವಿಸಮಯದ ಜಾತಿಯೇ ಇದು. ಯಮಕನಮರಡಿಯ ನನ್ನ ಮನೆಯಲ್ಲಿ, ಊಟ ಮುಗಿದು ಓಣಿಯ ಸದ್ದಡಗಿದ ಮೇಲೆ, ವೈಜ್ಞಾನಿಕ ಕಲ್ಪನೆಯ ಚಲನಚಿತ್ರಗಳನ್ನು ನೋಡುವ ಚಪಲವೊಂದು ನನಗುಂಟು. ಅವುಗಳಲ್ಲಿ ನಾನು ಸವಿಯುವುದು ವಿಜ್ಞಾನವನ್ನಲ್ಲ, ಇಂತಹ ಸಮಯಗಳನ್ನು.

ಗಾಳಿಯಿಲ್ಲದ ಅಂತರಿಕ್ಷದಲ್ಲಿ ಶಬ್ದವು ಸಂಚರಿಸಲಾರದೆಂಬುದನ್ನು ಶಾಲೆಯ ಬಾಲಕನೂ ಬಲ್ಲ. ಆದರೂ 1977ರ ‘ಸ್ಟಾರ್ ವಾರ್ಸ್’ನಲ್ಲಿ ನೌಕೆಗಳು ಭೋರ್ಗರೆಯುತ್ತವೆ, ಕಿರಣಾಸ್ತ್ರಗಳು ಚಿಮ್ಮುವಾಗ ಸಿಡಿದ ತಂತಿಯಂತೆ ಝೇಂಕರಿಸುತ್ತವೆ. ಆ ಝೇಂಕಾರವು ನಿಜಕ್ಕೂ ತಂತಿಯದೇ: ಬೆನ್ ಬರ್ಟ್ ಎಂಬ ಧ್ವನಿಶಿಲ್ಪಿಯು ರೇಡಿಯೋ ಗೋಪುರವೊಂದನ್ನು ಬಿಗಿದು ನಿಲ್ಲಿಸಿದ ಉಕ್ಕಿನ ಹಗ್ಗಕ್ಕೆ ಸುತ್ತಿಗೆಯಿಂದ ಹೊಡೆದು ಅದನ್ನು ಸಂಪಾದಿಸಿದನು, ವೈರಿನೌಕೆಯ ಚೀತ್ಕಾರಕ್ಕೆ ಆನೆಯ ಘೀಳನ್ನೂ ಒದ್ದೆ ರಸ್ತೆಯ ಮೇಲೆ ಕಾರು ಹರಿಯುವ ಸದ್ದನ್ನೂ ಬೆರೆಸಿದನು. ಗೋಕಾವಿಯ ಜಲಪಾತದೆದುರಿನ ತೂಗುಸೇತುವೆಯ ಹಗ್ಗಗಳನ್ನು ಕಂಡಾಗಲೆಲ್ಲ ನನ್ನ ಕೈ ಸುತ್ತಿಗೆಗಾಗಿ ಹಾತೊರೆಯುತ್ತದೆ. ನೋಡಿದವರು ಏನೆಂದಾರೆಂಬ ಸಂಕೋಚವೊಂದೇ ಅಡ್ಡಿ. 1968ರಲ್ಲಿಯೇ ಕ್ಯೂಬ್ರಿಕ್ಕನು ‘2001’ ಚಿತ್ರದ ಅಂತರಿಕ್ಷದಲ್ಲಿ ಯಾತ್ರಿಕನ ಉಸಿರನ್ನು ಮಾತ್ರ ಕೇಳಿಸಿ, ಕೆಲವೆಡೆ ಅದನ್ನೂ ನಿಲ್ಲಿಸಿ, ಸತ್ಯಕ್ಕೆ ನಿಷ್ಠನಾಗಿದ್ದನು. ಆತನಿಗೆ ನಮಸ್ಕಾರ, ಆದರೆ ಘೀಳಿಡುವ ನೌಕೆಯ ಮೇಲಿನ ನನ್ನ ಮಮತೆ ತಗ್ಗಿಲ್ಲ.

ಇಂತಹ ಕವಿಸಮಯವು ಸತ್ಯವಾಗಿ ಪರಿಣಮಿಸಿದ್ದೂ ಉಂಟು. ಜರ್ಮನಿಯ ಫ್ರಿಟ್ಸ್ ಲಾಂಗನು 1929ರಲ್ಲಿ ಚಂದ್ರಯಾತ್ರೆಯ ಚಿತ್ರವೊಂದನ್ನು ತೆಗೆದಾಗ, ಏರುವ ಎಣಿಕೆಯಲ್ಲಿ ಮುಗಿಯುವ ಘಳಿಗೆ ತಿಳಿಯದೆಂದೂ ಇಳಿಯುವ ಎಣಿಕೆಯಲ್ಲಾದರೆ ಎದೆಬಡಿತ ಹೆಚ್ಚುವುದೆಂದೂ ಬಗೆದು, ಅಂಕಿಗಳನ್ನು ಹಿಂದುಮುಂದಾಗಿ ತೋರಿಸಿದನು. ಮನುಷ್ಯನ ರಾಕೆಟ್ಟು ಅಂತರಿಕ್ಷವನ್ನು ಮುಟ್ಟುವುದಕ್ಕೆ ಎಷ್ಟೋ ಮುಂಚಿನ ಮಾತಿದು. ಇಂದು ಶ್ರೀಹರಿಕೋಟೆಯಲ್ಲಿ ನಮ್ಮವರು ಎಣಿಸುವುದೂ ಹಾಗೆಯೇ.

ನನಗೆ ಎಲ್ಲಕ್ಕಿಂತ ಪ್ರಿಯವಾದುದು, ಏನನ್ನೂ ಕಟ್ಟದೆಯೇ ಭವಿಷ್ಯತ್ತನ್ನು ತೋರಿಸುವ ಕೌಶಲ. ತಾರ್ಕೋವ್‌ಸ್ಕಿಯು 1972ರ ‘ಸೊಲಾರಿಸ್’ನಲ್ಲಿ ಬರುವ ಕಾಲದ ನಗರವೆಂದು ತೋರಿಸಿದುದು ಅಂದಿನ ಟೋಕಿಯೋದ ಹೆದ್ದಾರಿಗಳನ್ನೇ. ಕಾರು ಸುರಂಗಗಳನ್ನು ಹೊಕ್ಕು ಹೊರಡುತ್ತದೆ, ದೀಪಗಳು ಹರಿಯುತ್ತವೆ, ಮಾತಿಲ್ಲ. ನಿಮಿಷಗಳು ಸರಿಯುತ್ತಿದ್ದಂತೆ ಪರಿಚಿತವಾದ ರಸ್ತೆಯೇ ಅನ್ಯಗ್ರಹದ್ದಾಗುತ್ತದೆ. ಈ ದೃಶ್ಯವನ್ನು ಕಂಡಂದಿನಿಂದ ನಮ್ಮೂರ ಮಗ್ಗುಲಿನ ಪುಣೆ–ಬೆಂಗಳೂರು ಹೆದ್ದಾರಿಯು ನನಗೆ ಬರಿಯ ಹೆದ್ದಾರಿಯಾಗಿ ಉಳಿದಿಲ್ಲ. ಮಳೆಗಾಲದ ರಾತ್ರಿಯಲ್ಲಿ ಅಲ್ಲಿ ನಿಂತು, ಕೊಲ್ಹಾಪುರದ ದಿಕ್ಕಿನಿಂದ ಬರುವ ಲಾರಿಗಳ ಸಾಲನ್ನು ಎವೆಯಿಕ್ಕದೆ ನೋಡಿದರೆ ಚಾಲಕರು ಮರೆಯಾಗಿ ಬೆಳಕುಗಳಷ್ಟೇ ಉಳಿಯುತ್ತವೆ. ಬಂಡವಾಳ ಸೊನ್ನೆ.

ಕನ್ನಡದಲ್ಲಿ ಈ ಬಗೆಯ ಚಿತ್ರಗಳು ವಿರಳ. 2002ರ ‘ಹಾಲಿವುಡ್’ನಲ್ಲಿ ಮನುಷ್ಯನೂ ಉಪೇಂದ್ರರೇ, ಯಂತ್ರಮಾನವನೂ ಉಪೇಂದ್ರರೇ. ಯಂತ್ರಕ್ಕೆ ಮನುಷ್ಯನ ಮುಖವನ್ನು ತೊಡಿಸುವ ಪದ್ಧತಿ 1927ರ ‘ಮೆಟ್ರೊಪೊಲಿಸ್’ನಷ್ಟು ಹಳೆಯದು; ದ್ವಿಪಾತ್ರಗಳಲ್ಲಿ ಪಳಗಿದ ನಮ್ಮ ಪ್ರೇಕ್ಷಕರಿಗಂತೂ ಅದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ವಿವರಣೆಯೆಂದರೆ ನನಗೆ ಆಗದು. ಬಿಳಿಯ ನಿಲುವಂಗಿಯ ವಿಜ್ಞಾನಿಯು ಕಥೆಯ ನಟ್ಟನಡುವೆ ಹಲಗೆಯ ಮೇಲೆ ಸೂತ್ರ ಬರೆಯತೊಡಗಿದನೆಂದರೆ ನಾನು ಚಹಾ ಕಾಸಲು ಏಳುತ್ತೇನೆ.

2024ರ ‘ಬ್ಲಿಂಕ್’ ನನ್ನನ್ನು ಏಳಗೊಡಲಿಲ್ಲ. ಕನ್ನಡ ಎಂ.ಎ. ವ್ಯಾಸಂಗದ ತರುಣನೊಬ್ಬನು ಕಣ್ಣಿಗೆ ಔಷಧದ ಹನಿಯನ್ನು ಬಿಟ್ಟುಕೊಂಡು, ರೆಪ್ಪೆ ಬಡಿಯದಿರುವಷ್ಟು ಹೊತ್ತು ಕಾಲದಲ್ಲಿ ಸಂಚರಿಸುತ್ತಾನೆ. ಸ್ವಯಂವರದಲ್ಲಿ ನಳನ ರೂಪದಿಂದ ಕುಳಿತ ದೇವತೆಗಳನ್ನು ದಮಯಂತಿಯು ಪತ್ತೆಹಚ್ಚಿದ್ದು ಅವರು ಎವೆಯಿಕ್ಕದಿದ್ದುದರಿಂದಲೂ ಅಲ್ಲವೆ? ಕಾಲಕ್ಕೆ ಒಳಗಾಗದವರಿಗೆ ರೆಪ್ಪೆ ಬಡಿಯದೆಂಬ ಹಳೆಯ ಲಕ್ಷಣವನ್ನು ಹುಡುಗನೊಬ್ಬನ ಮುಖಕ್ಕೆ ತಂದಿಟ್ಟ ನಿರ್ದೇಶಕರಿಗೆ ಹೊಗೆಯುಗುಳುವ ಯಂತ್ರವೂ ಬೇಕಾಗಲಿಲ್ಲ, ಮಿನುಗುವ ಗುಂಡಿಗಳೂ ಬೇಕಾಗಲಿಲ್ಲ. ಕಾಲಯಾನದ ವಾಹನಕ್ಕೆ ತಗಲಿದ ವೆಚ್ಚ ಒಂದು ಸೀಸೆ ಕಣ್ಣಿನ ಔಷಧದಷ್ಟು.